ಪೊಟ್ಟಣದ ಹಿಂಬದಿಯ ಉದ್ದುದ್ದ ಹೆಸರುಗಳಿಗೆ ಎಷ್ಟು ಹೆದರಬೇಕು?

ಪ್ರಶ್ನೆ: ಮಲ್ಲೇಶ್ವರದ ಓದುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲವು ತಿಂಗಳಿಂದ ಒಂದು ಪಟ್ಟಿ ಓಡಾಡುತ್ತಿದೆ. ಪೊಟ್ಟಣದ ಹಿಂಬದಿಯಲ್ಲಿ, ಆಹಾರಕ್ಕೆ ಸೇರಿಸಿದ ವಸ್ತುಗಳನ್ನು ಗುರುತಿಸುವ ಇಂತಿಂಥ ಐಎನ್‌ಎಸ್ ಸಂಖ್ಯೆಗಳು ಕಂಡರೆ ಆ ತಿನಿಸನ್ನು ಮನೆಯೊಳಗೆ ತರಬಾರದು, ಅವುಗಳಲ್ಲಿ 330 ಎಲ್ಲಕ್ಕಿಂತ ಅಪಾಯಕಾರಿ, ಅದು ನೇರವಾಗಿ ಕ್ಯಾನ್ಸರ್ ತರುತ್ತದೆ ಎಂದು ಅದರಲ್ಲಿ ಬರೆದಿದೆ. ಪಟ್ಟಿಯ ಅಡಿಯಲ್ಲಿ ವಿದೇಶದ ಯಾವುದೋ ಆಸ್ಪತ್ರೆಯ ಹೆಸರೂ ಇರುವುದರಿಂದ ಸುಳ್ಳೆಂದು ತಳ್ಳಿಹಾಕುವ ಧೈರ್ಯ ನನಗೆ ಬರಲಿಲ್ಲ. ಅದನ್ನು ಮುಂದಿಟ್ಟುಕೊಂಡು ಅಡುಗೆಮನೆಯ ಸಾಮಾನನ್ನೆಲ್ಲ ತೆಗೆದು ನೋಡಿದೆ. ಟೊಮ್ಯಾಟೊ ಸಾಸ್‌ನಲ್ಲಿ 211 ಮತ್ತು 260, ಮಗಳ ಬಿಸ್ಕತ್ತಿನಲ್ಲಿ 500, 503, 322 ಮತ್ತು 223, ಐಸ್‌ಕ್ರೀಮಿನಲ್ಲಿ 412 ಮತ್ತು 471, ಬ್ರೆಡ್ಡಿನಲ್ಲಿ 282 ಕಂಡವು. ಕೊನೆಗೆ ಉಪ್ಪಿನ ಪೊಟ್ಟಣದ ಮೇಲೂ 536 ಎಂದಿತ್ತು. ಅದು ಪೊಟ್ಯಾಸಿಯಂ ಫೆರೋಸಯನೈಡ್ ಎಂದು ತಿಳಿದಾಗ ಮನೆಯವರೆಲ್ಲ ದಿಗಿಲುಬಿದ್ದರು.

ಅಂದಿನಿಂದ ನಮ್ಮ ಅತ್ತೆಯವರು ಅಯೋಡಿನ್ ಉಪ್ಪನ್ನು ಪೂರ್ತಿಯಾಗಿ ನಿಲ್ಲಿಸಿ, ಮನೆಯವರೆಲ್ಲರ ಅಡುಗೆಯನ್ನೂ ಸೈಂಧವ ಲವಣದಲ್ಲಿಯೇ ಮಾಡಿಸುತ್ತಿದ್ದಾರೆ. ಬೆಲ್ಲ, ಅರಿಶಿನದ ಪುಡಿ, ಖಾರದ ಪುಡಿಗಳನ್ನು ‘ಕೆಮಿಕಲ್ ಫ್ರೀ’ ಎಂದು ಬೋರ್ಡು ಹಾಕಿಕೊಂಡಿರುವ ಅಂಗಡಿಯೊಂದರಿಂದ ಬಿಡಿಯಾಗಿ ತೂಗಿಸಿ ತರುತ್ತಿದ್ದೇವೆ. ಖರ್ಚು ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಮಗಳಿಗೆ ಏಳು ವರ್ಷ. ಶಾಲೆಯಲ್ಲಿ ಗೆಳತಿಯರ ಹುಟ್ಟುಹಬ್ಬದ ಕೇಕನ್ನು ತಿನ್ನುವುದಕ್ಕೂ ಅವಳು ಈಗ ಹಿಂಜರಿಯುತ್ತಾಳೆ. ಬಾಣಂತನಕ್ಕೆ ಬಂದಿರುವ ನಾದಿನಿಯೂ ನಮ್ಮೊಡನೆ ಇರುವುದರಿಂದ ಎಲ್ಲರೂ ಮತ್ತಷ್ಟು ಎಚ್ಚರಿಕೆ ವಹಿಸುತ್ತಿದ್ದಾರೆ.

ನಾನು ಓದಿದ್ದು ವಾಣಿಜ್ಯಶಾಸ್ತ್ರ; ರಸಾಯನಶಾಸ್ತ್ರವನ್ನು ಹತ್ತನೆಯ ತರಗತಿಗೇ ಬಿಟ್ಟವಳು. ಈ ಹೆಸರುಗಳಲ್ಲಿ ನಿಜವಾಗಿ ಹೆದರಬೇಕಾದವು ಯಾವುವು, ಸುಮ್ಮನೆ ಹೆದರಿಸುವವು ಯಾವುವು, ಅದನ್ನು ನನ್ನಂಥವರು ಗುರುತಿಸುವುದು ಹೇಗೆ ಎಂದು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಉತ್ತರ: ಲ್ಯಾಬ್ ಕೋಟು

ಮೇಡಂ, ನಾನು ಪೀಣ್ಯದ ಕಡೆಯ ಒಂದು ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ತಾವು ಹೇಳಿದ ಪಟ್ಟಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ವಾಟ್ಸ್‌ಆ್ಯಪ್‌ಗಿಂತಲೂ ಮೊಬೈಲಿಗಿಂತಲೂ ಹೆಚ್ಚಿನ ವಯಸ್ಸಾಗಿದೆ. 1976ರ ಸುಮಾರಿಗೆ ಫ್ರಾನ್ಸಿನಲ್ಲಿ ಇಂಥದೇ ಒಂದು ಕರಪತ್ರ ಕೈಯಿಂದ ಕೈಗೆ ಹರಡಿತು. ಪ್ಯಾರಿಸ್ ಬಳಿಯ ವಿಲ್‌ಜ್ವಿಫ್ ಊರಿನ ಆಸ್ಪತ್ರೆಯ ಹೆಸರನ್ನು ಅದಕ್ಕೆ ಅಂಟಿಸಲಾಗಿತ್ತು. ಅಲ್ಲಿನ ಕ್ಯಾನ್ಸರ್ ಸಂಸ್ಥೆಯವರು ಇದು ತಮ್ಮದಲ್ಲವೆಂದು ಸ್ಪಷ್ಟವಾಗಿ ನಿರಾಕರಿಸಿದರೂ ಶಾಲೆಗಳು, ದವಾಖಾನೆಗಳು, ಗೃಹಿಣಿಯರು ಅದನ್ನು ನಕಲು ಮಾಡಿ ಹಂಚುತ್ತಲೇ ಹೋದರು. ಯುರೋಪಿನ ಬೇರೆ ದೇಶಗಳಿಗೂ ಅದು ದಾಟಿತು. ಆ ಕರಪತ್ರದಲ್ಲಿಯೂ ಎಲ್ಲಕ್ಕಿಂತ ಭಯಂಕರವೆಂದು ಹೆಸರಿಸಿದ್ದು 330ನ್ನೇ. 330 ಎಂದರೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹಣ್ಣಿಗೂ ಹೇರಳೆಕಾಯಿಗೂ ಹುಳಿ ಕೊಡುವ ವಸ್ತು. ಕಾರ್ಖಾನೆಗಳಲ್ಲಿ ಅದನ್ನು ಸಕ್ಕರೆಯ ಕಾಕಂಬಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸಿ ಹುದುಗಿಸಿ ತಯಾರಿಸುತ್ತಾರೆ. ಹೊರಬರುವ ಅಣು ನಿಂಬೆಯ ಅಣುವಿಗಿಂತ ಕಿಂಚಿತ್ತೂ ಭಿನ್ನವಲ್ಲ. ನಮ್ಮ ದೇಹದ ಬಹುತೇಕ ಪ್ರತಿಯೊಂದು ಜೀವಕೋಶವೂ ಆಹಾರದಿಂದ ಶಕ್ತಿ ಪಡೆಯುವಾಗ ಸಿಟ್ರಿಕ್ ಆಮ್ಲವನ್ನು ತಾನಾಗಿಯೇ ತಯಾರಿಸಿ ಬಳಸುತ್ತದೆ.

ಐಎನ್‌ಎಸ್ ಎನ್ನುವುದು ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಏರ್ಪಡಿಸಿದ ಸಂಖ್ಯಾ ವ್ಯವಸ್ಥೆ. ಆಹಾರಕ್ಕೆ ಸೇರಿಸುವ ವಸ್ತುವನ್ನು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯಲ್ಲಿ ಗುರುತಿಸಲಿ ಎಂಬ ಉದ್ದೇಶಕ್ಕೆ ಮಾತ್ರ ಈ ಸಂಖ್ಯೆಗಳಿವೆ; ಅವು ಅಪಾಯದ ಸೂಚನೆಗಳಲ್ಲ. ನಿಮ್ಮ ಅಡುಗೆಮನೆಯ ಸಂಖ್ಯೆಗಳನ್ನೇ ನೋಡೋಣ. 500 ಎಂದರೆ ರವೆ ಇಡ್ಲಿಗೆ ಹಾಕುವ ಅಡುಗೆ ಸೋಡಾ. 260 ಎಂದರೆ ವಿನೆಗರಿನ ಅಸಿಟಿಕ್ ಆಮ್ಲ. 322 ಎಂದರೆ ಲೆಸಿಥಿನ್. ಎಣ್ಣೆ ಮತ್ತು ನೀರು ಬೇರ್ಪಡದಂತೆ ಹಿಡಿದಿಡುವ ಈ ಕೊಬ್ಬಿನಂಶ ಹೆಚ್ಚಾಗಿ ಸೋಯಾದಿಂದ ಬರುತ್ತದೆ. 412 ಎಂದರೆ ಗೋರಿಕಾಯಿಯ ಬೀಜದಿಂದ ತೆಗೆದ ಅಂಟು. ಅದನ್ನು ಅತಿ ಹೆಚ್ಚು ಬೆಳೆದು ಜಗತ್ತಿಗೆ ಮಾರುವುದು ನಮ್ಮ ದೇಶವೇ, ಅದರಲ್ಲಿಯೂ ರಾಜಸ್ಥಾನ. ಮೊಸರಿನ ಹುಳಿಗೆ 270, ಹುಣಸೆಯ ಹುಳಿಗೆ 334, ಅರಿಶಿನದ ಬಣ್ಣಕ್ಕೆ 100 ಎಂಬ ಸಂಖ್ಯೆಗಳಿವೆ. ಗಾಳಿಯ ಆಮ್ಲಜನಕಕ್ಕೂ 948 ಎಂಬ ಸಂಖ್ಯೆಯಿದೆ. 8-ಮೀಥೈಲ್-ಎನ್-ವೆನಿಲಿಲ್-6-ನೋನೆನಮೈಡ್ ಎಂದು ಒಂದು ಪೊಟ್ಟಣದ ಮೇಲೆ ಮುದ್ರಿಸಿದ್ದರೆ ಅದನ್ನು ನಮ್ಮಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಅದು ಹಸಿಮೆಣಸಿನಕಾಯಿಯ ಖಾರ.

ಈಗ ಉಪ್ಪಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ನಿಜವಾದ ಆತಂಕ ತಂದದ್ದು ಅದೊಂದೇ. ಮಳೆಗಾಲದಲ್ಲಿ ಉಪ್ಪು ಗಂಟುಕಟ್ಟದೆ ಉದುರಾಗಿರಲಿ ಎಂದು 536ನ್ನು ಸೇರಿಸುತ್ತಾರೆ. ಅದರ ಹೆಸರಿನಲ್ಲಿ ಸಯನೈಡ್ ಎಂಬ ಪದವಿರುವುದು ನಿಜ. ಆದರೆ ಅದರಲ್ಲಿನ ಸಯನೈಡ್ ಗುಂಪುಗಳು ಕಬ್ಬಿಣದ ಪರಮಾಣುವಿಗೆ ಎಷ್ಟು ಬಿಗಿಯಾಗಿ ಬೆಸೆದುಕೊಂಡಿರುತ್ತವೆ ಎಂದರೆ ಹೊಟ್ಟೆಯೊಳಗೆ ಅವು ಬಿಡುಗಡೆಯಾಗುವುದು ಅತ್ಯಲ್ಪ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಒಂದು ಕಿಲೋ ಉಪ್ಪಿಗೆ ಗರಿಷ್ಠ 10 ಮಿಲಿಗ್ರಾಂ ಮಾತ್ರ ಸೇರಿಸಲು ಅನುಮತಿ ನೀಡಿದೆ. ದಿನಕ್ಕೆ 5 ಗ್ರಾಂ ಉಪ್ಪು ತಿನ್ನುವವರ ಹೊಟ್ಟೆಗೆ ಹೋಗುವುದು ಹೆಚ್ಚೆಂದರೆ 0.05 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ಜೀವನಪರ್ಯಂತ ಪ್ರತಿದಿನ ಸೇವಿಸಿದರೂ ತೊಂದರೆಯಿಲ್ಲವೆಂದು ನಿಗದಿ ಮಾಡಿರುವ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 0.025 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 1.5 ಮಿಲಿಗ್ರಾಂ. ಉಪ್ಪಿನಿಂದ ಬರುವುದು ಅದರ ಮೂವತ್ತನೆಯ ಒಂದು ಪಾಲು. ನಮ್ಮ ಕಡೆಯ ಮರಗೆಣಸಿನಲ್ಲಿ, ಅಗಸೆಬೀಜದಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ವಸ್ತುಗಳು ಸಹಜವಾಗಿಯೇ ಇವೆ. ಮರಗೆಣಸನ್ನು ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಬೇಕೆಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ವೈದ್ಯರು ಬರೆದುಕೊಡುವ ಬಿ12 ಜೀವಸತ್ವದ ಮಾತ್ರೆಯ ಹೆಸರೂ ಸಯನೋಕೊಬಾಲಮಿನ್.

ಇದಕ್ಕೆ ಪ್ರತಿಯಾಗಿ ಅಯೋಡಿನ್ ಉಪ್ಪನ್ನು ಬಿಟ್ಟರೆ ಆಗುವ ನಷ್ಟ ಊಹೆಯದಲ್ಲ. ಅಯೋಡಿನ್ ಕೊರತೆಯಿಂದ ಕತ್ತು ಊದಿಕೊಳ್ಳುವ ಗಳಗಂಡ ಮಲೆನಾಡಿನ ಕೆಲವು ಭಾಗಗಳಲ್ಲಿ ಸಾಮಾನ್ಯವಾಗಿದ್ದುದನ್ನು ಹಳಬರು ಬಲ್ಲರು. ನೇರವಾಗಿ ತಿನ್ನುವ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವುದನ್ನು 2006ರಲ್ಲಿ ದೇಶಾದ್ಯಂತ ನಿಷೇಧಿಸಿದ್ದು ಇದೇ ಕಾರಣಕ್ಕೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ನಿಮ್ಮ ಮಗಳ ವಯಸ್ಸಿನವರಿಗೆ 120, ಗರ್ಭಿಣಿಯರಿಗೂ ಹಾಲೂಡಿಸುವವರಿಗೂ 250 ಮೈಕ್ರೋಗ್ರಾಂ ಅಯೋಡಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭದಲ್ಲಿರುವ ಮಗುವಿನ ಮೆದುಳು ಬೆಳೆಯುವುದಕ್ಕೆ ತಾಯಿಯ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗಲೇಬೇಕು. ಸೈಂಧವ ಲವಣದಲ್ಲಿ ಅದನ್ನು ಪ್ರತ್ಯೇಕವಾಗಿ ಸೇರಿಸಿರದಿದ್ದರೆ ನಂಬಬಹುದಾದಷ್ಟು ಇರುವುದಿಲ್ಲ. ನಿಮ್ಮ ನಾದಿನಿಯವರ ಸಲುವಾಗಿಯಾದರೂ ಅತ್ತೆಯವರ ಮನವೊಲಿಸಿ, ನಾಳೆಯಿಂದಲೇ ಅಯೋಡಿನ್ ಉಪ್ಪಿಗೆ ಮರಳಿ.

ಸಾಸ್‌ನಲ್ಲಿರುವ 211, ಅಂದರೆ ಸೋಡಿಯಂ ಬೆಂಜೊಯೇಟ್ ಬಗ್ಗೆ ಒಂದು ಲೆಕ್ಕ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಮರುಪರಿಶೀಲಿಸಿ ಇಟ್ಟ ಮಿತಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ ಅದು 100 ಮಿಲಿಗ್ರಾಂ ಆಗುತ್ತದೆ. ಒಂದು ಕಿಲೋ ಸಾಸ್‌ನಲ್ಲಿ ಪೂರ್ತಿ 1 ಗ್ರಾಂ ಇದೆಯೆಂದು ಇಟ್ಟುಕೊಂಡರೂ, 15 ಗ್ರಾಂ ತೂಗುವ ಒಂದು ದೊಡ್ಡ ಚಮಚದಲ್ಲಿ ಇರುವುದು 15 ಮಿಲಿಗ್ರಾಂ. ಇಂಥ ಮಿತಿಗಳನ್ನು ಸಾಮಾನ್ಯವಾಗಿ ಪ್ರಾಣಿಗಳಲ್ಲಿ ಯಾವ ದುಷ್ಪರಿಣಾಮವೂ ಕಾಣದ ಪ್ರಮಾಣವನ್ನು ನೂರರಿಂದ ಭಾಗಿಸಿ ಇಡುತ್ತಾರೆ. ಅಂದಹಾಗೆ ಬೆಂಜೊಯಿಕ್ ಆಮ್ಲ ನಮ್ಮ ಮನೆಯ ಮೊಸರಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳೇ ಅದನ್ನು ಮಾಡುತ್ತವೆ.

ಉತ್ತರ: ಬಸವನಗುಡಿಯ ಬೇಕರಿಯವನು

ಮೇಲಿನ ಸಾಹೇಬರು ಹೇಳಿದ್ದಕ್ಕೆ ವ್ಯಾಪಾರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮದು ಅಯ್ಯಂಗಾರ್ ಬೇಕರಿ. ‘ನಿಮ್ಮ ಬ್ರೆಡ್ಡಿನಲ್ಲಿ ಕೆಮಿಕಲ್ ಇದೆಯೇ’ ಎಂದು ಗಿರಾಕಿಗಳು ಈಗ ಪ್ರತಿದಿನವೂ ಕೇಳುತ್ತಾರೆ. ಬೆಳಿಗ್ಗೆ ಸುಟ್ಟು ಸಂಜೆಯೊಳಗೆ ಖರ್ಚಾಗುವ ಬನ್ನಿಗೆ ನಾವು ಏನನ್ನೂ ಹಾಕುವುದಿಲ್ಲ, ಹಾಕುವ ಅಗತ್ಯವೂ ಇಲ್ಲ. ಮೂರು ನಾಲ್ಕು ದಿನ ಇಡಬೇಕಾದ ಸ್ಲೈಸ್ ಬ್ರೆಡ್ಡಿಗೆ ಮಾತ್ರ 282, ಅಂದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಹಾಕುತ್ತೇವೆ. ಮೈದಾದ ತೂಕದ ಸಾವಿರಕ್ಕೆ ಎರಡು ಮೂರು ಪಾಲಷ್ಟು ಸಾಕು. ಜುಲೈ, ಆಗಸ್ಟ್ ತಿಂಗಳ ಬೆಂಗಳೂರಿನ ಜಿಟಿಜಿಟಿ ಮಳೆಯಲ್ಲಿ ಅದಿಲ್ಲದ ಬ್ರೆಡ್ಡನ್ನು ಕವರಿನೊಳಗೆ ಇಟ್ಟರೆ ಎಷ್ಟು ಬೇಗ ಹಸಿರು ಬೂಷ್ಟು ಹಿಡಿಯುತ್ತದೆ ಎಂಬುದು ಬೇಕರಿಯವರಿಗೆಲ್ಲ ಗೊತ್ತು. ಪ್ರೊಪಿಯೊನಿಕ್ ಆಮ್ಲ ಸ್ವಿಸ್ ಚೀಸಿನಲ್ಲಿ ತಾನಾಗಿಯೇ ಉಂಟಾಗುತ್ತದೆ; ನಾವು ತಿಂದ ನಾರಿನಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುವಾಗಲೂ ಅದೇ ಹುಟ್ಟುತ್ತದೆ ಎಂದು ಬೇಕಿಂಗ್ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು.

ಬಿಸ್ಕತ್ತಿನಲ್ಲಿ ಕಂಡ 503 ಅಮೋನಿಯಂ ಬೈಕಾರ್ಬೊನೇಟ್. ನಾವು ಬರಿದೇ ಅಮೋನಿಯಾ ಎನ್ನುತ್ತೇವೆ. ಖಾರ ಬಿಸ್ಕತ್ತು ಗರಿಗರಿಯಾಗುವುದು ಅದರಿಂದ. ಒಲೆಯ ಬಿಸಿಗೆ ಅದು ಪೂರ್ತಿಯಾಗಿ ಒಡೆದು ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗಿ ಹೊರಟುಹೋಗುತ್ತದೆ. ದಪ್ಪನೆಯ ಕೇಕಿಗೆ ಅದನ್ನು ಹಾಕುವುದಿಲ್ಲ, ಏಕೆಂದರೆ ಒಳಗಿನ ತೇವದಲ್ಲಿ ವಾಸನೆ ಉಳಿದುಬಿಡುತ್ತದೆ.

ಬೂಷ್ಟಿನ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೂಷ್ಟು ಬಂದ ತುದಿಯನ್ನು ಮಾತ್ರ ಕಿತ್ತೆಸೆದು ಉಳಿದ ಬ್ರೆಡ್ಡನ್ನು ಮಕ್ಕಳಿಗೆ ಕೊಡುವವರನ್ನು ನೋಡಿದ್ದೇನೆ. ಅವರೇ ನಮ್ಮ ಬಳಿ ಬಂದು ಪ್ರಿಸರ್ವೇಟಿವ್ ಹಾಕದ ಬ್ರೆಡ್ಡು ಕೇಳುತ್ತಾರೆ.

ಉತ್ತರ: ಸಂಶಯವಾದಿ

ಇಬ್ಬರ ವಿವರಣೆಗಳನ್ನೂ ಗಮನವಿಟ್ಟು ಓದಿದೆ. ಆದರೂ ‘ಸರಕಾರ ಅನುಮತಿ ಕೊಟ್ಟಿದೆ, ಆದ್ದರಿಂದ ಸುರಕ್ಷಿತ’ ಎಂಬ ವಾದವನ್ನು ನಾನು ಹಾಗೆಯೇ ಒಪ್ಪಲಾರೆ. ಬೇಕರಿಯವರು ಪೊಟ್ಯಾಸಿಯಂ ಬ್ರೊಮೇಟ್ ಎಂಬ ಹೆಸರನ್ನು ಏಕೆ ಎತ್ತಲಿಲ್ಲ? ಹಿಟ್ಟು ಚೆನ್ನಾಗಿ ಉಬ್ಬಲೆಂದು ಅದನ್ನು ಬ್ರೆಡ್ಡಿಗೆ ಸೇರಿಸುವುದು ನಮ್ಮ ದೇಶದಲ್ಲಿ ಬಹುಕಾಲ ಕಾನೂನುಬದ್ಧವಾಗಿತ್ತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಸಾಲಿಗೆ 1980ರ ದಶಕದಲ್ಲಿಯೇ ಸೇರಿಸಿತ್ತು. ಬ್ರಿಟನ್ 1990ರಲ್ಲಿ ಅದನ್ನು ನಿಷೇಧಿಸಿತ್ತು. ನಮ್ಮಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2016ರ ಮೇ ತಿಂಗಳಲ್ಲಿ ಬ್ರೆಡ್ಡುಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದ ಮೇಲೆಯೇ ನಿಷೇಧ ಬಂದದ್ದು. ಅಷ್ಟು ವರ್ಷ ತಿಂದವರು ಯಾರನ್ನು ಕೇಳಬೇಕು?

ಬಣ್ಣಗಳ ಕತೆಯೂ ಇಂಥದೇ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ ಮುಂತಾದ ಆರು ಬಣ್ಣಗಳಲ್ಲಿ ಯಾವುದಿದ್ದರೂ ‘ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಬೀರಬಹುದು’ ಎಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಯುರೋಪ್ 2010ರಿಂದ ಕಡ್ಡಾಯ ಮಾಡಿದೆ. ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡನ್ನು 2022ರಲ್ಲಿ ಆಹಾರದಿಂದಲೇ ತೆಗೆದುಹಾಕಿದೆ. ಅಮೆರಿಕ ಎರಿಥ್ರೋಸಿನ್ ಎಂಬ ಕೆಂಪು ಬಣ್ಣಕ್ಕೆ ಕೊಟ್ಟಿದ್ದ ಅನುಮತಿಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ತಜ್ಞರೇ ಹೀಗೆ ಮನಸ್ಸು ಬದಲಾಯಿಸುತ್ತಿರುವಾಗ ಒಬ್ಬ ತಾಯಿ ಅರ್ಥವಾಗದ ಹೆಸರನ್ನು ಕಂಡು ಹಿಂದೆ ಸರಿದರೆ ಅದನ್ನು ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ.

ಉತ್ತರ: ಬಸವನಗುಡಿಯ ಬೇಕರಿಯವನು

ಬ್ರೊಮೇಟ್ ಬಗ್ಗೆ ಕೇಳಿದ್ದು ಸರಿಯಾಗಿದೆ. ಆಗ ‘ಬ್ರೆಡ್ ಇಂಪ್ರೂವರ್’ ಹೆಸರಿನ ಡಬ್ಬಿಗಳಲ್ಲಿ ಅದು ಬರುತ್ತಿತ್ತು. ಈಗ ಆ ಜಾಗಕ್ಕೆ ಬಂದಿರುವುದು ಆಸ್ಕಾರ್ಬಿಕ್ ಆಮ್ಲ ಮತ್ತು ಕೆಲವು ಕಿಣ್ವಗಳು. ಪೊಟ್ಟಣದ ಮೇಲೆ ಆಸ್ಕಾರ್ಬಿಕ್ ಆಮ್ಲ 300 ಎಂದು ಕಾಣಿಸುತ್ತದೆ. ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವವೇ ಅದು. ನಮ್ಮ ಗಿರಾಕಿಗಳಲ್ಲಿ ಕೆಲವರು 300ನ್ನು ಕಂಡೂ ಬ್ರೆಡ್ಡನ್ನು ವಾಪಸು ಇಡುತ್ತಾರೆ.

ಉತ್ತರ: ಲ್ಯಾಬ್ ಕೋಟು

ಸಂಶಯವಾದಿಯವರು ಕೊಟ್ಟ ಉದಾಹರಣೆಗಳೆಲ್ಲ ನಿಜ. ಪಟ್ಟಿಗೆ ಇನ್ನೊಂದನ್ನು ನಾನೇ ಸೇರಿಸುತ್ತೇನೆ: ತಂಪು ಪಾನೀಯಗಳಲ್ಲಿ ಬಳಸುತ್ತಿದ್ದ ಬ್ರೋಮಿನೀಕೃತ ಸಸ್ಯತೈಲವನ್ನು ನಮ್ಮ ದೇಶ 1990ರಲ್ಲಿಯೇ ನಿಷೇಧಿಸಿತು, ಅಮೆರಿಕ ಅದೇ ಕೆಲಸ ಮಾಡಿದ್ದು 2024ರಲ್ಲಿ. ನಿಯಂತ್ರಕರು ನಿಧಾನಿಗಳು, ಅವರನ್ನು ಎಚ್ಚರಿಸುವವರು ಬೇಕು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಈ ಒಂದೊಂದು ತೀರ್ಮಾನವೂ ಹೇಗೆ ಬಂತು ಎಂಬುದನ್ನು ಗಮನಿಸಬೇಕು. ಬ್ರೊಮೇಟನ್ನು ಇಲಿಗಳಿಗೆ ಕೊಟ್ಟು, ಮೂತ್ರಪಿಂಡದಲ್ಲಿ ಗೆಡ್ಡೆಗಳಾಗುವುದನ್ನು ನೋಡಿ, ಸುಟ್ಟ ಬ್ರೆಡ್ಡಿನಲ್ಲಿ ಎಷ್ಟು ಉಳಿದಿದೆಯೆಂದು ಅಳೆದು ನಿರ್ಧಾರ ಮಾಡಿದರು. ಬಣ್ಣಗಳ ಎಚ್ಚರಿಕೆಯ ಹಿಂದೆ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗವಿತ್ತು. ಹೆಸರು ಎಷ್ಟು ಉದ್ದವಾಗಿದೆ ಎಂಬುದನ್ನು ನೋಡಿ ಯಾರೂ ಯಾವುದನ್ನೂ ನಿಷೇಧಿಸಲಿಲ್ಲ. ಹಾಗೆ ನೋಡಿದ್ದರೆ ಮೊದಲು ಹೋಗಬೇಕಾಗಿದ್ದುದು ಸಯನೋಕೊಬಾಲಮಿನ್. ಹೆಸರಿಗೆ ಹೆದರುವವರು ಬ್ರೊಮೇಟನ್ನೂ ಬೈಕಾರ್ಬೊನೇಟನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಾರೆ, ಆಗ ನಿಜವಾಗಿ ದೂರು ಕೊಡಬೇಕಾದ ವಸ್ತುವಿನ ಮೇಲಿನ ದೂರೂ ತನ್ನ ತೂಕ ಕಳೆದುಕೊಳ್ಳುತ್ತದೆ.

ಕೃತಕ ಬಣ್ಣಗಳ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಮಕ್ಕಳ ತಿನಿಸುಗಳಲ್ಲಿ ಅವನ್ನು ತಪ್ಪಿಸುವುದೇ ಒಳ್ಳೆಯದು. ಕೆಡದಂತೆ ಕಾಯುವ ವಸ್ತುವಿಗೆ ಒಂದು ಕೆಲಸವಿದೆ. ಬಣ್ಣ ಕಣ್ಣಿಗೆ ಮಾತ್ರ. ಅದನ್ನು ಬಿಡುವುದರಿಂದ ಯಾರಿಗೂ ಏನೂ ನಷ್ಟವಿಲ್ಲ.

ಈ ಚರ್ಚೆಯಲ್ಲಿ ಇನ್ನೂ ಬಾರದಿರುವ ಮುಖ್ಯ ಸಂಗತಿಯೆಂದರೆ, ಕರ್ನಾಟಕದಲ್ಲಿ ಈಚೆಗೆ ಸಿಕ್ಕಿಬಿದ್ದ ಅಪಾಯಕಾರಿ ವಸ್ತುಗಳು ಯಾವ ಲೇಬಲ್ಲಿನ ಮೇಲೂ ಇರಲಿಲ್ಲ. 2024ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳು ಕಂಡವು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರ ಗತಿಯೂ ಅದೇ. ಅವುಗಳಲ್ಲಿ ರೋಡಮೈನ್-ಬಿ ಕೂಡ ಇತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕೆ ಅನುಮತಿಯೇ ಇಲ್ಲದ್ದು, ಆದ್ದರಿಂದ ಐಎನ್‌ಎಸ್ ಸಂಖ್ಯೆಯೂ ಇಲ್ಲದ್ದು. ಮಾರ್ಚ್ ತಿಂಗಳಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಈ ತಿನಿಸುಗಳಲ್ಲಿ ಕೃತಕ ಬಣ್ಣ ಬಳಸುವುದಕ್ಕೆ ನಿಷೇಧ ಪ್ರಕಟಿಸಿದರು; ಜೂನ್‌ನಲ್ಲಿ ಕಬಾಬಿಗೂ ಅದನ್ನು ವಿಸ್ತರಿಸಿದರು. ಸಂಜೆ ಗಾಡಿಯ ಮುಂದೆ ನಿಂತು ಕೆಂಪಗೆ ಹೊಳೆಯುವ ಗೋಬಿಯನ್ನು ತಿಂದು, ಮನೆಗೆ ಬಂದು ಬಿಸ್ಕತ್ತಿನ 500ರ ಬಗ್ಗೆ ಗುಂಪಿನಲ್ಲಿ ಸಂದೇಶ ಹಾಕುವವರು ನಮ್ಮ ಬೀದಿಯಲ್ಲಿಯೂ ಇದ್ದಾರೆ.

ಮೇಡಂ, ನಿಮ್ಮ ಬಿಡಿ ಬೆಲ್ಲವನ್ನೇ ತೆಗೆದುಕೊಳ್ಳಿ. ಬೆಲ್ಲ ಹೊಂಬಣ್ಣಕ್ಕೆ ಬರಲೆಂದು ಆಲೆಮನೆಗಳಲ್ಲಿ ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕುವ ರೂಢಿ ಹಳೆಯದು. ಹಾಕಿದ್ದಾರೆಯೇ, ಎಷ್ಟು ಹಾಕಿದ್ದಾರೆ ಎಂದು ತಿಳಿಸುವ ಚೀಟಿ ಅದಕ್ಕಿರುವುದಿಲ್ಲ. ನೋಡಲು ಚೆಂದವಿಲ್ಲದ ಕಪ್ಪು ಬೆಲ್ಲವೇ ಎಷ್ಟೋ ಸಲ ಉತ್ತಮ. ಅರಿಶಿನದ ಪುಡಿಗೆ ಹಳದಿ ಹೆಚ್ಚಲೆಂದು ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳು ದಕ್ಷಿಣ ಏಷ್ಯಾದ ಹಲವೆಡೆ ಸಿಕ್ಕಿವೆ. ಸೀಸ ಮಕ್ಕಳ ಮೆದುಳಿಗೆ ಮಾಡುವ ಹಾನಿ ಸರಿಪಡಿಸಲಾಗದ್ದು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ, ಮೆಕ್ಕೆಜೋಳದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಪೂರ್ತಿ ನೈಸರ್ಗಿಕವಾದದ್ದು. ಅದರ ಮಿತಿಯನ್ನು ಮಿಲಿಗ್ರಾಂಗಳಲ್ಲಿ ಅಲ್ಲ, ಒಂದು ಕಿಲೋ ಆಹಾರಕ್ಕೆ ಹತ್ತು ಹದಿನೈದು ಮೈಕ್ರೋಗ್ರಾಂಗಳಲ್ಲಿ ಇಡಲಾಗಿದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಅವರ ಊಟಕ್ಕೆ ಯಾರೂ ಯಾವ ರಾಸಾಯನಿಕವನ್ನೂ ಸೇರಿಸಿರಲಿಲ್ಲ.

ಇನ್ನು ಲೇಬಲ್ ಓದುವ ಬಗೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ, ಆದ್ದರಿಂದ ಮೊದಲ ಮೂರು ನಾಲ್ಕು ಹೆಸರುಗಳೇ ಆ ತಿನಿಸಿನ ಬಹುಪಾಲು. ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂದು ಆರಂಭವಾಗುವ ಪಟ್ಟಿಯ ಕೊನೆಯಲ್ಲಿರುವ 322ನ್ನು ಹುಡುಕಿ ಹೆದರುವವರು ಮೊದಲ ಸಾಲನ್ನು ದಾಟಿಯೇ ಹೋಗಿರುತ್ತಾರೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ನಾವು ಬಹುತೇಕರು ಅದನ್ನು ಮೀರುತ್ತೇವೆ. ನಮ್ಮ ಊರಿನ ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮೂಲ ಹುಡುಕುವವರು ಎಲ್ಲರಿಗೂ ಅರ್ಥವಾಗುವ ಈ ಸಣ್ಣ ಹೆಸರುಗಳನ್ನು ಮೊದಲು ನೋಡಬೇಕು. ‘ಕೆಮಿಕಲ್ ಫ್ರೀ’ ಅಂಗಡಿಯ ಬೆಲ್ಲದ ಲಡ್ಡು ಎಷ್ಟು ಶುದ್ಧವಾಗಿದ್ದರೂ ಲಡ್ಡುವೇ.

ಉತ್ತರ: ಗೋಧಿ ಒಗ್ಗದವಳು

ಒಂದು ಸಣ್ಣ ಸೇರ್ಪಡೆ. ನನಗೆ ಸೀಲಿಯಾಕ್ ಕಾಯಿಲೆಯಿದೆ, ಗೋಧಿಯ ಗ್ಲೂಟೆನ್ ಸ್ವಲ್ಪವೂ ಸೇರುವುದಿಲ್ಲ. ನನ್ನಂಥವರಿಗೆ ಲೇಬಲ್ಲಿನ ಮೇಲಿನ ಉದ್ದನೆಯ ಹೆಸರುಗಳಿಂದ ತೊಂದರೆಯಾಗುವುದು ಅಪರೂಪ. ಸಾರಿಗೆ ಹಾಕುವ ಇಂಗಿನ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕೂಟು ಇಂಗು, ಅದರಲ್ಲಿ ಅಂಟಿನ ಜೊತೆಗೆ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅಕ್ಕಿ ಹಿಟ್ಟಿನಲ್ಲಿ ಮಾಡಿದ್ದೂ ದೊರೆಯುತ್ತದೆ, ಹುಡುಕಿ ತರಬೇಕು. ಹಾಗೆಯೇ ಮಲ್ಲೇಶ್ವರದ ಮೇಡಂ ಅವರ ಬಿಸ್ಕತ್ತಿನಲ್ಲಿರುವ 223 ಒಂದು ಸಲ್ಫೈಟ್. ಬಹುಪಾಲು ಜನರಿಗೆ ಅದು ಏನೂ ಮಾಡುವುದಿಲ್ಲ, ಆದರೆ ಉಬ್ಬಸವಿರುವ ಕೆಲವರಿಗೆ ಉಸಿರಾಟದ ತೊಂದರೆ ತರಬಲ್ಲದು. ಅದಕ್ಕಾಗಿಯೇ ಕಿಲೋಗೆ 10 ಮಿಲಿಗ್ರಾಂ ಮುಟ್ಟಿದರೆ ಅಲರ್ಜಿಯ ಸಾಲಿನಲ್ಲಿ ಅದನ್ನು ಪ್ರತ್ಯೇಕವಾಗಿ ಹೇಳಬೇಕೆಂಬ ನಿಯಮವಿದೆ. ಹಾಲು, ಕಡಲೆಕಾಯಿ, ಸೋಯಾ, ಗೋಧಿ ಎಲ್ಲವೂ ಅದೇ ಸಾಲಿನಲ್ಲಿ ಬರುತ್ತವೆ. ನಾನು ಯಾವ ಪೊಟ್ಟಣವನ್ನು ಕೈಗೆ ತೆಗೆದುಕೊಂಡರೂ ಮೊದಲು ಓದುವುದು ಆ ಸಾಲನ್ನೇ.

ಪ್ರತಿಕ್ರಿಯೆ: ಮಲ್ಲೇಶ್ವರದ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ಉಪ್ಪಿನ ಲೆಕ್ಕವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅಯೋಡಿನ್ ಉಪ್ಪಿಗೆ ಅವರು ಒಪ್ಪಿದ್ದಾರೆ, ಆದರೆ ತಮ್ಮ ಏಕಾದಶಿಯ ಫಲಾಹಾರಕ್ಕೆ ಸೈಂಧವವೇ ಇರಲಿ ಎನ್ನುತ್ತಾರೆ. ಅದರಿಂದ ಏನಾದರೂ ತೊಂದರೆಯೇ? ಮತ್ತೆ ಐಸ್‌ಕ್ರೀಮಿನ 471 ಪ್ರಾಣಿಯ ಕೊಬ್ಬಿನಿಂದ ಬರುತ್ತದೆಯೆಂದು ಪಟ್ಟಿಯಲ್ಲಿತ್ತು. ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಅದೊಂದು ಅನುಮಾನ ಇನ್ನೂ ಉಳಿದಿದೆ. ಮನೆಯಲ್ಲಿರುವ ಬಿಡಿ ಅರಿಶಿನವನ್ನು ಪರೀಕ್ಷಿಸುವ ಉಪಾಯವೇನಾದರೂ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ಲ್ಯಾಬ್ ಕೋಟು

ಹದಿನೈದು ದಿನಕ್ಕೊಮ್ಮೆ ಸೈಂಧವ ಬಳಸಿದರೆ ಯಾವ ತೊಂದರೆಯೂ ಇಲ್ಲ; ದಿನನಿತ್ಯದ ಅಡುಗೆಗೆ ಅಯೋಡಿನ್ ಉಪ್ಪಿರಲಿ, ಅದನ್ನು ಒಲೆಯ ಪಕ್ಕದಲ್ಲಿ ತೆರೆದಿಡದೆ ಮುಚ್ಚಳವಿರುವ ಭರಣಿಯಲ್ಲಿಡಿ. ತೇವ ಮತ್ತು ಬಿಸಿಗೆ ಅಯೋಡಿನ್ ಕಡಿಮೆಯಾಗುತ್ತದೆ. ನಾದಿನಿಯವರು ಇಷ್ಟು ದಿನ ಅಯೋಡಿನ್ ಇಲ್ಲದ ಉಪ್ಪನ್ನೇ ತಿಂದಿರುವ ವಿಷಯವನ್ನು ಅವರ ವೈದ್ಯರಿಗೆ ತಪ್ಪದೆ ತಿಳಿಸಿ. ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ.

471 ಎಣ್ಣೆ ಅಥವಾ ಕೊಬ್ಬಿನಿಂದ ತಯಾರಾಗುತ್ತದೆ. ಮೂಲ ಸಸ್ಯವೂ ಆಗಿರಬಹುದು, ಪ್ರಾಣಿಯೂ ಆಗಿರಬಹುದು, ಸಂಖ್ಯೆಯನ್ನು ನೋಡಿ ತಿಳಿಯುವಂತಿಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದ್ದರೆ ಒಳಗಿನ ಸೇರ್ಪಡೆಗಳೂ ಸಸ್ಯಮೂಲದವು ಅಥವಾ ಹಾಲಿನವು ಆಗಿರಬೇಕೆಂಬುದು ಕಾನೂನು.

ಅರಿಶಿನಕ್ಕೆ ಎಫ್‌ಎಸ್‌ಎಸ್‌ಎಐ ಪ್ರಕಟಿಸಿರುವ ‘ಡಾರ್ಟ್’ ಕೈಪಿಡಿಯಲ್ಲಿ ಸುಲಭದ ಪರೀಕ್ಷೆಯೊಂದಿದೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಹಾಕಿ ಬಿಡಿ. ಶುದ್ಧ ಅರಿಶಿನ ತೆಳುಹಳದಿ ಬಣ್ಣ ಬಿಟ್ಟು ತಳಕ್ಕೆ ಇಳಿಯುತ್ತದೆ. ಕೃತಕ ಬಣ್ಣ ಬೆರೆಸಿದ್ದು ನೀರನ್ನೇ ಗಾಢ ಹಳದಿ ಮಾಡುತ್ತದೆ. ಸೀಸ ಅತ್ಯಲ್ಪ ಪ್ರಮಾಣದಲ್ಲಿದ್ದರೆ ಇದರಿಂದ ತಿಳಿಯದು, ಅದಕ್ಕೆ ಪ್ರಯೋಗಾಲಯವೇ ಬೇಕು. ಸಾಧ್ಯವಾದರೆ ಅರಿಶಿನದ ಕೊಂಬುಗಳನ್ನೇ ತಂದು, ಒಣಗಿಸಿ, ಮಿಲ್ಲಿನಲ್ಲಿ ಕಣ್ಣೆದುರಿಗೆ ಪುಡಿ ಮಾಡಿಸಿಕೊಳ್ಳಿ. ಕೊಂಬನ್ನು ಆರಿಸುವಾಗ ಅತಿಯಾಗಿ ಹೊಳೆಯುವ ಹಳದಿಯವನ್ನು ಬಿಟ್ಟು ಮಂಕಾಗಿರುವವನ್ನೇ ಕೊಳ್ಳಿ.